ಬೆಂಗಳೂರಿನಲ್ಲಿ ಮಕ್ಕಳಿಗೆ ತಕ್ಕ ಪಾರ್ಕು ಹುಡುಕುವ ಬಗೆ

ಭಾನುವಾರ ಮಧ್ಯಾಹ್ನ "ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು?" ಎಂದರೆ ಬೆಂಗಳೂರಿನಲ್ಲಿ ತಟ್ಟನೆ ಬರುವ ಉತ್ತರ ಎರಡೇ: ಕಬ್ಬನ್ ಪಾರ್ಕು, ಇಲ್ಲವೇ ಲಾಲ್‌ಬಾಗು. ಎರಡೂ ಒಳ್ಳೆಯ ಜಾಗಗಳೇ, ಅವುಗಳ ಮಾತಿಗೆ ಆಮೇಲೆ ಬರೋಣ. ಆದರೆ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂತು ತಿಂಗಳಿಗೊಮ್ಮೆ ತಲುಪುವ ದೊಡ್ಡ ಪಾರ್ಕಿಗಿಂತ, ವಾರಕ್ಕೆ ನಾಲ್ಕು ಸಂಜೆ ನಡೆದೇ ಹೋಗಬಹುದಾದ ಸಾಧಾರಣ ಪಾರ್ಕು ಮಗುವಿಗೆ ಹೆಚ್ಚು ದಕ್ಕುತ್ತದೆ. ಹಾಗಾಗಿ ಹುಡುಕಾಟ ಮನೆಯ ಹೊಸಿಲಿನಿಂದಲೇ ಶುರುವಾಗಲಿ. ಮೂರು ನಾಲ್ಕು ವರ್ಷದ ಮಗು "ಎತ್ಕೋ" ಎನ್ನದೆ ನಡೆಯುವುದು ಹೆಚ್ಚೆಂದರೆ ಅರ್ಧ ಕಿಲೋಮೀಟರು. ಅದಕ್ಕಿಂತ ದೊಡ್ಡ ಮಗುವಾದರೆ ಒಂದು ಕಿಲೋಮೀಟರು ಲೆಕ್ಕ ಹಾಕಿ. ಆ ಸುತ್ತಳತೆಯೊಳಗೆ ಏನೇನಿದೆ ಎಂದು ಮೊದಲು ತಿಳಿದುಕೊಳ್ಳಿ.

ಪಾರ್ಕು ಯಾರ ಕೈಯಲ್ಲಿದೆ

ಇದು ನಮಗ್ಯಾಕೆ ಎನಿಸಬಹುದು. ಆದರೆ ಗೇಟು ತೆರೆಯುವ ಹೊತ್ತು, ಚೆಂಡಾಟಕ್ಕೆ ಅನುಮತಿ, ಮುರಿದ ಉಯ್ಯಾಲೆಗೆ ದೂರು ಕೊಡುವ ಜಾಗ, ಎಲ್ಲವೂ ಇದರ ಮೇಲೇ ನಿಂತಿದೆ. ಕಬ್ಬನ್ ಪಾರ್ಕು, ಲಾಲ್‌ಬಾಗು ರಾಜ್ಯದ ತೋಟಗಾರಿಕೆ ಇಲಾಖೆಯವು. ಬಡಾವಣೆಯೊಳಗಿನ ಸಣ್ಣ ಪಾರ್ಕುಗಳು ಪಾಲಿಕೆಯವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ಪಾಲಿಕೆಗಳಾದವು. ಗೇಟಿನ ಬೋರ್ಡಿನಲ್ಲಿ ಹಳೇ ಹೆಸರೇ ಇದ್ದರೂ ಈಗಿನ ಜವಾಬ್ದಾರಿ ನಿಮ್ಮ ಭಾಗದ ಪಾಲಿಕೆಯದು. ಪಾಲಿಕೆಗೆ ಇನ್ನೂ ಹಸ್ತಾಂತರವಾಗದ ಹೊಸ ಬಡಾವಣೆಗಳಲ್ಲಿ ಪಾರ್ಕನ್ನು ಬಿಡಿಎ ಅಥವಾ ಲೇಔಟ್ ಮಾಡಿದವರೇ ನೋಡಿಕೊಳ್ಳಬೇಕು. ಪಾಳುಬಿದ್ದ ಪಾರ್ಕುಗಳು ಹೆಚ್ಚಾಗಿ ಸಿಗುವುದು ಈ ತ್ರಿಶಂಕು ಸ್ಥಿತಿಯ ಬಡಾವಣೆಗಳಲ್ಲೇ.

ಇನ್ನೊಂದು ವ್ಯತ್ಯಾಸವೂ ನೆನಪಿರಲಿ. ಕಾಗದದಲ್ಲಿ ಉದ್ಯಾನವನ ಬೇರೆ, ಆಟದ ಮೈದಾನ ಬೇರೆ. ವಾಕಿಂಗ್ ಟ್ರ್ಯಾಕು, ಹುಲ್ಲುಹಾಸು, ಮೂಲೆಯಲ್ಲಿ ನಾಲ್ಕು ಆಟಿಕೆ ಇರುವ ಪಾರ್ಕಿನಲ್ಲಿ "ಚೆಂಡಾಟ ನಿಷೇಧಿಸಿದೆ" ಎಂಬ ಫಲಕ ಸಾಮಾನ್ಯ. ಹತ್ತು ವರ್ಷದ ಹುಡುಗನನ್ನು ಅಲ್ಲಿಗೆ ಕರೆದೊಯ್ದರೆ ಐದೇ ನಿಮಿಷಕ್ಕೆ ವಾಕಿಂಗ್ ತಾತಂದಿರ ಜೊತೆ ಜಗಳ ಗ್ಯಾರಂಟಿ. ಅವನಿಗೆ ಬೇಕಿರುವುದು ಮೈದಾನ. ಅದೇ ಮೈದಾನಕ್ಕೆ ಮೂರು ವರ್ಷದ ಮಗುವನ್ನು ಸಂಜೆ ಐದಕ್ಕೆ ಬಿಟ್ಟರೆ ನಾಲ್ಕು ದಿಕ್ಕಿನಿಂದ ಟೆನಿಸ್ ಬಾಲು ಬರುತ್ತದೆ. ಇಬ್ಬರು ಮಕ್ಕಳಿದ್ದು ವಯಸ್ಸಿನ ಅಂತರ ಜಾಸ್ತಿಯಿದ್ದರೆ, ಮೈದಾನಕ್ಕೆ ಅಂಟಿಕೊಂಡೇ ಪಾರ್ಕು ಇರುವ ಜಾಗ ಹುಡುಕಿ. ಜಯನಗರ, ಬಸವನಗುಡಿಯಂಥ ಹಳೇ ಬಡಾವಣೆಗಳಲ್ಲಿ ಪಾರ್ಕಿಗೆ ಬರವಿಲ್ಲ. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆಯವರಿಗೆ ಬಹುಪಾಲು ಕೆರೆ ದಂಡೆಯೇ ಗತಿ.

ಮೊಬೈಲಿನಲ್ಲಿ ಹುಡುಕುವಾಗ

ಮ್ಯಾಪಿನಲ್ಲಿ ಬರೀ "ಪಾರ್ಕ್" ಎಂದು ಹುಡುಕಿದರೆ ಟೆಕ್ ಪಾರ್ಕು, ಅಪಾರ್ಟ್‌ಮೆಂಟಿನ ಹೆಸರು, ವಾಟರ್ ಪಾರ್ಕು ಎಲ್ಲವೂ ಬಂದು ಗುಡ್ಡೆ ಬೀಳುತ್ತವೆ. "ಉದ್ಯಾನವನ", "ಆಟದ ಮೈದಾನ", "ಚಿಲ್ಡ್ರನ್ಸ್ ಪ್ಲೇ ಏರಿಯಾ" ಎಂದು ಬೇರೆ ಬೇರೆಯಾಗಿ ಹುಡುಕಿ. ಹೆಸರೇ ಇಲ್ಲದ ಸಣ್ಣ ಪಾರ್ಕುಗಳು ಹೀಗೂ ಸಿಗುವುದಿಲ್ಲ. ಅವಕ್ಕೆ ಉಪಗ್ರಹ ಚಿತ್ರವೇ ದಾರಿ: ನಿಮ್ಮ ಬಡಾವಣೆಯನ್ನು ದೊಡ್ಡದು ಮಾಡಿ ನೋಡುತ್ತಾ ಹೋದರೆ, ಮನೆಗಳ ನಡುವೆ ಅಂಚಿಗೆ ಮರಗಳ ಸಾಲಿರುವ ಹಸಿರು ಚೌಕ ಕಾಣುತ್ತದೆ. ಅದರೊಳಗೆ ಕೆಂಪೋ ನೀಲಿಯೋ ಆದ ತುಂಡೊಂದು ಇದ್ದರೆ ಅದು ಆಟಿಕೆಗಳ ಜಾಗದ ರಬ್ಬರು ನೆಲ. ಬೂದು ಬಣ್ಣದ ಆಯತವಾದರೆ ಬ್ಯಾಡ್ಮಿಂಟನ್ ಕೋರ್ಟೋ ಕಾಂಕ್ರೀಟು ನೆಲವೋ ಇರಬೇಕು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಆಟದ ಜಾಗಗಳನ್ನು ಪಾರ್ಕಿನಿಂದ ಪ್ರತ್ಯೇಕವಾಗಿ ಗುರುತಿಸುವ ಪದ್ಧತಿ ಇರುವುದರಿಂದ ಅದನ್ನೂ ಒಮ್ಮೆ ತೆರೆದು ನೋಡಿ.

ನಕ್ಷತ್ರಗಳ ಸಂಖ್ಯೆಗೆ ಮರುಳಾಗಬೇಡಿ. ನಾಲ್ಕೂವರೆ ನಕ್ಷತ್ರ ಕೊಟ್ಟವರು ಬಹುಮಟ್ಟಿಗೆ ಬೆಳಗಿನ ವಾಕಿಂಗಿನವರು. ಅವರಿಗೆ ಟ್ರ್ಯಾಕು ಚೆನ್ನಾಗಿದ್ದರೆ ಸಾಕು. ವಿಮರ್ಶೆಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ, ಅವುಗಳೊಳಗೆ ಉಯ್ಯಾಲೆ, ಟಾಯ್ಲೆಟ್, ಸೊಳ್ಳೆ, ನಾಯಿ ಎಂಬ ನಾಲ್ಕು ಪದಗಳನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹುಡುಕಿ. ಫೋಟೊಗಳಿಗೂ ಇದೇ ಮಾತು. ಉದ್ಘಾಟನೆಯ ವಾರ ತೆಗೆದ ಫೋಟೊದಲ್ಲಿ ಎಲ್ಲ ಪಾರ್ಕೂ ಮಿರಮಿರ ಮಿಂಚುತ್ತದೆ. ಕಳೆದ ಆರು ತಿಂಗಳ ಫೋಟೊ ಸಿಕ್ಕರೆ ಮಾತ್ರ ನಂಬಿ.

ಇಷ್ಟೆಲ್ಲ ಮಾಡುವ ಮೊದಲು, ಅಥವಾ ಜೊತೆಗೇ, ಬೀದಿಯ ಅಂಗನವಾಡಿಯಲ್ಲೋ ಸೊಪ್ಪಿನ ಗಾಡಿಯ ಹತ್ತಿರ ನಿಂತ ಅಜ್ಜಿಯರನ್ನೋ ಕೇಳಿ. ಮಧ್ಯಾಹ್ನ ಯಾವ ಪಾರ್ಕಿಗೆ ಬೀಗ, ಯಾವುದರ ಮೂಲೆಯಲ್ಲಿ ಕುಡುಕರು ಕೂರುತ್ತಾರೆ ಎಂಬುದು ಯಾವ ಮ್ಯಾಪಿಗೂ ಗೊತ್ತಿರುವುದಿಲ್ಲ.

ಮೊದಲ ಸಲ ಮಗುವಿಲ್ಲದೆ ಹೋಗಿ

ಹದಿನೈದು ನಿಮಿಷ ಸಾಕು. ಆದರೆ ನೀವು ದಿನಾ ಹೋಗಬೇಕೆಂದಿರುವ ಹೊತ್ತಿಗೇ ಹೋಗಿ. ಬೆಳಿಗ್ಗೆ ಏಳಕ್ಕೆ ನೋಡಿ ಬಂದ ಪಾರ್ಕು ಸಂಜೆ ಆರಕ್ಕೆ ಬೇರೆಯೇ ಊರು. ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲೇ ಘೋಷಣೆಯಾಗಿದ್ದರೂ ಮಧ್ಯಾಹ್ನ ಬೀಗ ಹಾಕುವ ಹಳೇ ರೂಢಿ ಅಲ್ಲಲ್ಲಿ ಉಳಿದಿದೆ. ಶಾಲೆ ಬಿಟ್ಟ ಕೂಡಲೇ ಮೂರೂವರೆಗೆ ಹೋಗುವ ಯೋಚನೆಯಿದ್ದರೆ ಇದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು. ಬೆಂಗಳೂರಿನಲ್ಲಿ ನವೆಂಬರ್ ಹೊತ್ತಿಗೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತದೆ, ಜುಲೈಯಲ್ಲಿ ಏಳರ ಹತ್ತಿರ. ಚಳಿಗಾಲಕ್ಕೆ ಆಟಿಕೆಗಳ ಪಕ್ಕದ ದೀಪ ಉರಿಯುತ್ತದೆಯೇ ಎನ್ನುವುದು ಮುಖ್ಯವಾಗುತ್ತದೆ.

ಗೇಟಿನಲ್ಲೇ ಒಂದು ಪರೀಕ್ಷೆ ಇದೆ. ಬೈಕು, ದನ ನುಗ್ಗದಂತೆ ಕಂಬಿಗಳನ್ನು ಅಂಕುಡೊಂಕಾಗಿ ನಿಲ್ಲಿಸಿದ ಗೇಟು ಅಥವಾ ಸುತ್ತುವ ಗೇಟು ಇದ್ದರೆ ಮಗುವಿನ ತಳ್ಳುಗಾಡಿ, ಗಾಲಿಕುರ್ಚಿ ಒಳಗೆ ಹೋಗುವುದಿಲ್ಲ. ಇನ್ನೊಂದು ಬದಿಯಲ್ಲಿ ಅಗಲದ ಗೇಟಿದ್ದರೂ ಅದರ ಕೀಲಿ ಮಾಲಿಯ ಸೊಂಟದಲ್ಲಿರುತ್ತದೆ. ಮಾಲಿಯನ್ನು ಮಾತಾಡಿಸಿ, ಅವನು ಎಷ್ಟು ಹೊತ್ತಿನವರೆಗೆ ಇರುತ್ತಾನೆ ಎಂದು ಕೇಳಿಕೊಳ್ಳಿ. ಶೌಚಾಲಯದ ಕೀಲಿಯೂ ಅವನ ಹತ್ತಿರವೇ ಸಿಗುವುದು. ಇನ್ನು ಆಟಿಕೆಗಳ ಜಾಗಕ್ಕೂ ಬೀದಿಗೆ ತೆರೆಯುವ ಗೇಟಿಗೂ ನಡುವೆ ಎಷ್ಟು ದೂರ, ತಡೆ ಏನಾದರೂ ಇದೆಯೇ ನೋಡಿ. ಉರುಳಿದ ಚೆಂಡಿನ ಹಿಂದೆ ಓಡುವ ಮಗು ರಸ್ತೆಯನ್ನು ನೋಡುವುದಿಲ್ಲ.

ಆಮೇಲೆ ನೆಲ. ಆಟಿಕೆಗಳಿಂದಾಗುವ ದೊಡ್ಡ ಪೆಟ್ಟುಗಳಲ್ಲಿ ಬಹುಪಾಲು ಬಿದ್ದು ಆಗುವಂಥವು, ಹಾಗಾಗಿ ಆಟಿಕೆಯ ಬಣ್ಣಕ್ಕಿಂತ ಮೊದಲು ಅದರ ಕೆಳಗೇನಿದೆ ಎಂದು ನೋಡುವುದು ಸರಿಯಾದ ಕ್ರಮ. ಒಂದು ಅಡಿ ಆಳದ ಸಡಿಲ ಮರಳು ಒಳ್ಳೆಯದು. ಹಿಮ್ಮಡಿಯಿಂದ ಒತ್ತಿ ತಿರುಗಿಸಿ: ಪಾದ ಸುಲಭವಾಗಿ ಹೂತರೆ ಸರಿ, ಟಣ್ ಎಂದು ಗಟ್ಟಿ ತಾಗಿದರೆ ಮರಳು ಸವೆದು ಕೆಳಗಿನ ಮಣ್ಣು ಕಲ್ಲಾಗಿದೆ ಎಂದರ್ಥ. ಉಯ್ಯಾಲೆಯ ಕೆಳಗೆ, ಜಾರುಬಂಡೆಯ ಬಾಯಲ್ಲಿ ಮೊದಲು ಗುಂಡಿ ಬೀಳುತ್ತದೆ, ಏಕೆಂದರೆ ಎಲ್ಲ ಮಕ್ಕಳ ಕಾಲೂ ಅಲ್ಲೇ ಒರಸುತ್ತದೆ. ಮಾಲಿಯ ಗುದ್ದಲಿಯಿಂದ ಮರಳನ್ನು ಎಳೆದು ತುಂಬುವುದು ಎರಡು ನಿಮಿಷದ ಕೆಲಸ. ರಬ್ಬರು ನೆಲವಾದರೆ ಅಂಚುಗಳು ಎದ್ದು ಸುರುಳಿಯಾಗಿಲ್ಲವೇ, ನಡುವೆ ಕಿತ್ತು ಕಾಂಕ್ರೀಟು ಕಾಣುತ್ತಿಲ್ಲವೇ ನೋಡಿ. ಕಾಂಕ್ರೀಟಿನ ಮೇಲೆ ಹಾಸಿದ ತೆಳ್ಳನೆಯ ಪ್ಲಾಸ್ಟಿಕ್ ಹುಲ್ಲು ಕಣ್ಣಿಗಷ್ಟೇ ಮೆತ್ತಗೆ, ತಲೆಗಲ್ಲ. ಇಂಟರ್‌ಲಾಕ್ ಟೈಲ್ಸಿನ ಮೇಲೆ ಆರಡಿ ಎತ್ತರದ ಆಟಿಕೆ ನೆಟ್ಟ ಪಾರ್ಕುಗಳೂ ನಗರದಲ್ಲಿವೆ. ಅಂಥಲ್ಲಿ ಓಡಿ ಆಡಿಸಿ, ಹತ್ತಿಸಬೇಡಿ.

ಉಯ್ಯಾಲೆಯಲ್ಲಿ ನೋಡಬೇಕಾದದ್ದು ಮಣೆಯನ್ನಲ್ಲ, ಸರಪಳಿಯ ಎರಡು ತುದಿಗಳನ್ನು. ಮೇಲಿನ ಅಡ್ಡಕಂಬಿಗೆ ಸಿಕ್ಕಿಸಿದ ಕೊಂಡಿ ಲಕ್ಷಾಂತರ ಸಲ ಹಿಂದೆ ಮುಂದೆ ಉಜ್ಜಿ ಒಂದೇ ಬದಿಯಲ್ಲಿ ಸವೆಯುತ್ತದೆ. ಕೆಳಗಿನಿಂದ ನೋಡಿದರೆ ದುಂಡಗಿರಬೇಕಾದ ಕಬ್ಬಿಣ ಒಂದು ಕಡೆ ಕುಡುಗೋಲಿನ ಅಲಗಿನಂತೆ ತೆಳ್ಳಗಾಗಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಹಾಗಿದ್ದರೆ ಮಗುವನ್ನು ಕೂರಿಸಬೇಡಿ. ಮಣೆಯ ಹತ್ತಿರ ಎಸ್ ಆಕಾರದ ಕೊಕ್ಕೆ ಇರುತ್ತದೆ. ಅದರ ಬಾಯಿಯ ಸಂದಿನಲ್ಲಿ ಒಂದು ರೂಪಾಯಿ ನಾಣ್ಯ ತೂರಿದರೆ ಕೊಕ್ಕೆ ಬಿಚ್ಚಿಕೊಂಡಿದೆ, ಬಟ್ಟೆಯೂ ಸಿಕ್ಕಿಕೊಳ್ಳುತ್ತದೆ, ಸರಪಳಿಯೂ ಕಳಚಬಹುದು. ಕೊನೆಗೆ ಎರಡೂ ಕೈಯಲ್ಲಿ ಸರಪಳಿ ಹಿಡಿದು ನಿಮ್ಮ ಪೂರ್ತಿ ಭಾರ ಹಾಕಿ ಜಗ್ಗಿ, ಕಂಬದ ಬುಡ ಅಲ್ಲಾಡುತ್ತದೆಯೇ ಗಮನಿಸಿ. ರಾತ್ರಿ ಹೊತ್ತು ದೊಡ್ಡವರು ಕೂತು ಜೀಕುವ ಉಯ್ಯಾಲೆಗಳು ಹಾಳಾಗುವುದೇ ಈ ಮೂರು ಕಡೆ.

ಜಾಗದ ಲೆಕ್ಕವೂ ಇದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ ಅಡ್ಡಕಂಬಿ ಎಷ್ಟು ಎತ್ತರವೋ ಅದರ ಎರಡರಷ್ಟು ಜಾಗ ಉಯ್ಯಾಲೆಯ ಮುಂದೆಯೂ ಹಿಂದೆಯೂ ಖಾಲಿ ಇರಬೇಕು. ಅಂದರೆ 8 ಅಡಿಯ ಕಂಬಿಗೆ ಎರಡೂ ಕಡೆ 16 ಅಡಿ. ನಮ್ಮ ಸಣ್ಣ ಪಾರ್ಕುಗಳಲ್ಲಿ ಇಷ್ಟು ಸಿಗುವುದು ಅಪರೂಪ, ವಾಕಿಂಗ್ ಟ್ರ್ಯಾಕೇ ಆರಡಿ ಮುಂದೆ ಹಾದು ಹೋಗಿರುತ್ತದೆ. ಜಾಗ ಕಡಿಮೆಯಿದ್ದರೆ ಉಯ್ಯಾಲೆಯ ಮುಂದೆ ಹಾಯುವ ಪುಟ್ಟ ಮಕ್ಕಳನ್ನು ತಡೆಯಲು ಒಬ್ಬ ದೊಡ್ಡವರು ಅಲ್ಲೇ ನಿಲ್ಲಬೇಕು.

ಸಂದುಗಳ ಪರೀಕ್ಷೆಗೆ ಟೇಪು ಬೇಡ, ನಿಮ್ಮ ಕೈ ಸಾಕು. ಏಣಿಯ ಮೆಟ್ಟಿಲು, ಅಟ್ಟದ ಕಂಬಿಗಳ ನಡುವೆ 9ರಿಂದ 23 ಸೆಂಟಿಮೀಟರಿನ ಸಂದು ಅಪಾಯದ ಸಂದು: ಪುಟ್ಟ ಮಗುವಿನ ಮೈ ಕಾಲಿನಿಂದ ಜಾರಿ ಹೊರಗೆ ಹೋಗುತ್ತದೆ, ತಲೆ ಸಿಕ್ಕಿಕೊಂಡು ಮಗು ಕುತ್ತಿಗೆಯಲ್ಲಿ ನೇತಾಡುತ್ತದೆ. ಮುಷ್ಟಿ ತೂರುತ್ತದೆ, ಒಂದು ಗೇಣು ತೂರುವುದಿಲ್ಲ ಎಂದಾದರೆ ಅದೇ ಆ ಅಳತೆ. ಕೊರಳಿನ ಕರಿದಾರ, ಸ್ವೆಟರಿನ ಟೋಪಿಯ ದಾರ, ದುಪಟ್ಟಾ ಎಲ್ಲವನ್ನೂ ಜಾರುಬಂಡೆ ಹತ್ತುವ ಮೊದಲೇ ತೆಗೆದಿಡಿ. ಸೈಕಲ್ಲಿನ ಹೆಲ್ಮೆಟನ್ನೂ ತೆಗೆಯಿರಿ, ಇಂಥ ಸಂದಿನಲ್ಲಿ ಸಿಕ್ಕಿಕೊಳ್ಳುವುದು ಅದೇ ಮೊದಲು.

ಜಾರುಬಂಡೆ ತಗಡಿನದಾಗಿದ್ದರೆ ಮುಂಗೈಯ ಹಿಂಭಾಗವನ್ನು ಅದರ ಮೇಲೆ ಐದು ಸೆಕೆಂಡು ಇಡಿ. ಇಡಲಾಗದಿದ್ದರೆ ಮಗುವಿನ ತೊಡೆಯೂ ತಡೆಯದು. ಪ್ಲಾಸ್ಟಿಕ್ಕಿನದು, ಕಪ್ಪು ರಬ್ಬರು ನೆಲ ಕೂಡ ಮಾರ್ಚಿಯಿಂದ ಮೇವರೆಗೆ ಕಾದ ಹೆಂಚಾಗುತ್ತವೆ. ಪಡುವಣ ದಿಕ್ಕಿಗೆ ಮರವಿರುವ ಆಟದ ಜಾಗ ಸಂಜೆಗೆ ತಂಪು. ಮತ್ತೊಂದು ತಪ್ಪನ್ನು ಅಪ್ಪ ಅಮ್ಮಂದಿರು ಪ್ರೀತಿಯಿಂದಲೇ ಮಾಡುತ್ತಾರೆ: ಪುಟ್ಟ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು. ಮಗುವಿನ ಶೂವಿನ ರಬ್ಬರು ಪಕ್ಕದ ಗೋಡೆಗೆ ಕಚ್ಚಿಕೊಂಡರೆ ಕಾಲು ಅಲ್ಲೇ ನಿಲ್ಲುತ್ತದೆ, ದೊಡ್ಡವರ ಭಾರ ಮುಂದಕ್ಕೆ ತಳ್ಳುತ್ತದೆ, ಮೊಣಕಾಲಿನ ಕೆಳಗಿನ ಮೂಳೆ ತಿರುಚಿ ಮುರಿಯುತ್ತದೆ. ಮಗು ಒಂಟಿಯಾಗಿ ಜಾರಿದ್ದರೆ ಶೂ ಕಚ್ಚಿಕೊಂಡಲ್ಲೇ ನಿಂತುಬಿಡುತ್ತಿತ್ತು, ಅಷ್ಟೆ. ಒಂಟಿಯಾಗಿ ಜಾರಲಾರದ ಮಗುವಿಗೆ ಆ ಬಂಡೆ ಇನ್ನೂ ದೊಡ್ಡದು ಎಂದೇ ಲೆಕ್ಕ.

ಬಯಲು ಜಿಮ್ಮಿನ ಬಗ್ಗೆ ಎಷ್ಟು ಹೇಳಿದರೂ ಸಾಲದು. ಹಳದಿ ನೀಲಿ ಬಣ್ಣದ ಆ ಸಲಕರಣೆಗಳು ಮಕ್ಕಳ ಕಣ್ಣಿಗೆ ಆಟಿಕೆಯಂತೆಯೇ ಕಾಣುತ್ತವೆ, ಆದರೆ ಅವನ್ನು ಮಾಡಿರುವುದು ದೊಡ್ಡವರ ಕೈಕಾಲಿನ ಅಳತೆಗೆ. ತೂಗುವ ಕಬ್ಬಿಣದ ತೋಳು, ಅದರ ಕೀಲು ಸೇರುವ ಸಂದಿನಲ್ಲಿ ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ. ಆಟಿಕೆಗಳ ಪಕ್ಕದಲ್ಲೇ ಜಿಮ್ಮು ಇರುವ ಪಾರ್ಕನ್ನು ನಾಲ್ಕು ವರ್ಷದೊಳಗಿನವರಿಗೆ ಆರಿಸದಿರುವುದೇ ಮೇಲು.

ಗಿಡಗಳ ಕಡೆ ಒಂದು ಕಣ್ಣಿರಲಿ. ಬೇಲಿಗೆ ಕಣಗಿಲೆ ಹಾಕಿರುತ್ತಾರೆ. ಅದರ ಎಲೆ, ಹೂವು, ಕಾಯಿ ಎಲ್ಲವೂ ವಿಷ, ಬಾಯಿಗಿಡುವ ವಯಸ್ಸಿನ ಮಗುವನ್ನು ಅಲ್ಲಿ ಬಿಡಬೇಡಿ. ಹುಲ್ಲು ಕೊಯ್ಯದ ಮೂಲೆಯಲ್ಲಿ ಕಾಂಗ್ರೆಸ್ ಕಳೆ ಎದ್ದಿದ್ದರೆ ಚರ್ಮದ ಅಲರ್ಜಿ, ಉಬ್ಬಸ ಇರುವ ಮಕ್ಕಳಿಗೆ ಆಗದು. ಮಳೆಗಾಲದಲ್ಲಿ ಬೆಂಚಿನ ಅಡಿ, ಮರದ ಬೊಡ್ಡೆಯಲ್ಲಿ ಕಂಬಳಿಹುಳು. ಎತ್ತರದ ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಕಲ್ಲು, ಹೊಗೆ, ಪಟಾಕಿ ಯಾವುದೂ ಹತ್ತಿರ ಸುಳಿಯಬಾರದು. ಎದ್ದುಬಿಟ್ಟರೆ ಮಗುವಿನ ಮುಖ ಮುಚ್ಚಿ ಎತ್ತಿಕೊಂಡು ಕಟ್ಟಡದೊಳಕ್ಕೋ ಕಾರಿನೊಳಕ್ಕೋ ಓಡುವುದೊಂದೇ ದಾರಿ. ನೀರಿಗೆ ಧುಮುಕಿ ಪ್ರಯೋಜನವಿಲ್ಲ, ಅವು ಮೇಲೆ ಕಾಯುತ್ತವೆ.

ದೀಪದ ಕಂಬದ ಬುಡದಲ್ಲಿ ಮುಚ್ಚಳ ಕಿತ್ತುಹೋದ ಪೆಟ್ಟಿಗೆ, ನೇತಾಡುವ ವೈರು ಕಂಡರೆ ಮಳೆ ನಿಂತ ಮೇಲೂ ಆ ಪಾರ್ಕಿಗೆ ಕಾಲಿಡಬೇಡಿ. ಬೆಸ್ಕಾಂನ 1912ಕ್ಕೂ ಪಾಲಿಕೆಯ 1533ಕ್ಕೂ ಫೋನ್ ಮಾಡಿ.

ದೊಡ್ಡ ಪಾರ್ಕುಗಳಿಗೆ ಹೋಗುವ ದಿನ

1870ರಲ್ಲಿ ಶುರುವಾದ ಕಬ್ಬನ್ ಪಾರ್ಕಿಗೆ ನೇರಳೆ ಮಾರ್ಗದಲ್ಲಿ ಅದೇ ಹೆಸರಿನ ಮೆಟ್ರೊ ನಿಲ್ದಾಣವಿದೆ, ಕಾರು ಮನೆಯಲ್ಲೇ ಇರಲಿ. ಭಾನುವಾರ ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಸೈಕಲ್ ಕಲಿಯುವ ಮಗುವಿಗೆ, ಸ್ಕೇಟಿಂಗಿಗೆ ಇಡೀ ನಗರದಲ್ಲಿ ಇಂಥ ಜಾಗ ಇನ್ನೊಂದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಜಾಗ, ನೆರಳು ಎರಡೂ ಸಿಗುತ್ತವೆ. ಒಳಗಿರುವ ಬಾಲಭವನಕ್ಕೆ ಬೇರೆ ಟಿಕೆಟ್ಟು, ಬೇರೆ ವೇಳೆ, ವಾರದ ರಜೆಯೂ ಬೇರೆ. ಪುಟಾಣಿ ರೈಲಿನ ಆಸೆ ಹುಟ್ಟಿಸುವ ಮೊದಲು ಅವತ್ತು ಅದು ಓಡುತ್ತದೆಯೇ ಎಂದು ವಿಚಾರಿಸಿ. ಮಳೆ ಬಂದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಪಕ್ಕದಲ್ಲೇ ಇದೆ. ಆರು ದಾಟಿದ ಮಕ್ಕಳಿಗೆ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಲಾಲ್‌ಬಾಗಿಗೆ ಉಯ್ಯಾಲೆಯ ಆಸೆ ಇಟ್ಟುಕೊಂಡು ಹೋಗಬೇಡಿ. 240 ಎಕರೆ, ಕೆರೆ, 1889ರ ಗಾಜಿನ ಮನೆ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ, ಅದರ ನೆತ್ತಿಯ ಮೇಲೆ ಕೆಂಪೇಗೌಡ ಗೋಪುರ: ಇದು ನಡೆಯುವ, ಹತ್ತುವ ಜಾಗ. ಬಂಡೆಗೆ ಬಿಸಿಲೇರುವ ಮುಂಚೆ ಹೋಗಿ. ಮಳೆ ಬಿದ್ದ ದಿನ ಅದು ಜಾರುತ್ತದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಪುಟ್ಟ ಮಕ್ಕಳನ್ನು ಕರೆದೊಯ್ಯುವುದಾದರೆ ವಾರದ ನಡುವಿನ ದಿನ, ಬೆಳಿಗ್ಗೆ ಗೇಟು ತೆರೆದ ಕೂಡಲೇ. ರಜೆಯ ದಿನ ಸಂಜೆ ಹೋದರೆ ಮಗುವಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ.

ಅಂಗವಿಕಲ ಮಕ್ಕಳಿರುವ ಮನೆಯವರು ಫ್ರೇಜರ್ ಟೌನಿನ ಕೋಲ್ಸ್ ಪಾರ್ಕು, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕು, ರಾಜಾಜಿನಗರದ ಗಾಯತ್ರಿದೇವಿ ಪಾರ್ಕು ಈ ಮೂರನ್ನು ಮೊದಲು ನೋಡಿ ಬನ್ನಿ. ಎಲ್ಲ ಮಕ್ಕಳೂ ಒಟ್ಟಿಗೆ ಆಡುವಂಥ ಆಟದ ಜಾಗಗಳನ್ನು ಪಾಲಿಕೆಯೊಂದಿಗೆ ಸೇರಿ ಕಿಲಿಕಿಲಿ ಎಂಬ ಸಂಸ್ಥೆ ಮಾಡಿಸಿದ್ದು ಇಲ್ಲಿ. ಸಲಕರಣೆಗಳ ಈಗಿನ ಸ್ಥಿತಿಯನ್ನು ಮೇಲೆ ಹೇಳಿದಂತೆಯೇ ಪರೀಕ್ಷಿಸಿಕೊಳ್ಳಿ. ಗಾಲಿಕುರ್ಚಿಗೆ ಇಳಿಜಾರು ಒಂದಡಿ ಏರಲು 12 ಅಡಿ ಉದ್ದವಾದರೂ ಇರಬೇಕು. ಅದಕ್ಕಿಂತ ಕಡಿದಾದರೆ ತಳ್ಳುವವರ ಕೈ ಸೋಲುತ್ತದೆ.

ಸ್ಯಾಂಕಿ, ಅಗರ, ಕೈಕೊಂಡ್ರಹಳ್ಳಿ, ಪುಟ್ಟೇನಹಳ್ಳಿಯಂಥ ಕೆರೆ ದಂಡೆಗಳು ಬೆಳಗಿನ ಹೊತ್ತಿಗೆ ಚೆಂದ. ನಾಮದ ಕೋಳಿ, ನೀರುಕಾಗೆ, ಅದೃಷ್ಟವಿದ್ದರೆ ಹೆಜ್ಜಾರ್ಲೆ ಕಾಣುತ್ತವೆ. ಒಂದು ಬೈನಾಕ್ಯುಲರ್ ಇದ್ದರೆ ಆಟಿಕೆಯೇ ಬೇಡ. ಸಂಜೆ ಮುಳುಗುವ ಹೊತ್ತಿಗೆ ಸೊಳ್ಳೆ, ಜೂನಿನಿಂದ ಮುಂದೆ ಡೆಂಗಿ ಕಾಲ: ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಬೇಲಿ ಎಲ್ಲೆಲ್ಲಿ ಕಿತ್ತಿದೆ ಎಂದು ಒಂದು ಸುತ್ತು ನೋಡದೆ ಮಗುವಿನ ಕೈ ಬಿಡಬೇಡಿ.

ಬೇರೆ ಊರಿನವರಿಗೂ ಪರೀಕ್ಷೆ ಇದೇ, ಹವಾಮಾನ ಮಾತ್ರ ಬೇರೆ. ಮಂಗಳೂರಿನ ಕದ್ರಿ ಪಾರ್ಕಿನಂಥಲ್ಲಿ ಮಳೆಗಾಲದ ಪಾಚಿ ನೋಡಿ, ಕಲಬುರಗಿ ಬಳ್ಳಾರಿಯಲ್ಲಿ ಬೇಸಿಗೆಗೆ ಹೊತ್ತು ಮುಳುಗಿದ ಮೇಲೆಯೇ ಹೊರಡಿ. ಮೈಸೂರಿನ ಕಾರಂಜಿ ಕೆರೆ, ಮೃಗಾಲಯ, ಇತ್ತ ಬನ್ನೇರುಘಟ್ಟ ಎಲ್ಲಕ್ಕೂ ಮಂಗಳವಾರ ರಜೆ.

ಚೀಲದಲ್ಲಿ ಹೆಚ್ಚೇನೂ ಬೇಡ. ಇಬ್ಬರು ಮಕ್ಕಳು, ಎರಡು ಗಂಟೆ ಎಂದರೆ ಒಂದೂವರೆ ಲೀಟರ್ ನೀರು, ಒದ್ದೆ ಜಾರುಬಂಡೆ ಒರಸಲು ಹಳೇ ಟವೆಲು, ಒಂದು ಜೊತೆ ಬಟ್ಟೆ, ಬ್ಯಾಂಡೇಜು, ಕಸಕ್ಕೊಂದು ಕವರು. ಏಪ್ರಿಲ್, ಮೇ ಸಂಜೆ ಗಾಳಿ ಎದ್ದರೆ ದೊಡ್ಡ ಮರಗಳ ಕೆಳಗೆ ನಿಲ್ಲದೆ ಹೊರಟುಬಿಡಿ. ಬೆಂಗಳೂರಿನ ಗುಲ್‌ಮೊಹರ್, ಮಳೆಮರಗಳ ಕೊಂಬೆ ಮೊದಲ ಮಳೆಗೇ ಸೀಳುತ್ತವೆ.

ಪಾರ್ಕು ಕೆಟ್ಟಿದ್ದರೆ, ಇಲ್ಲವೇ ಇಲ್ಲದಿದ್ದರೆ

ದೂರು ಕೊಡುವಾಗ "ಪಾರ್ಕು ಸರಿಯಿಲ್ಲ" ಎಂದರೆ ಅದು ಕಸದ ಬುಟ್ಟಿಗೆ. ಪಾರ್ಕಿನ ಹೆಸರು, ವಾರ್ಡು, ಯಾವ ಆಟಿಕೆ, ಅದರ ಯಾವ ಭಾಗ ("ಎಡಗಡೆ ಉಯ್ಯಾಲೆ, ಬಲ ಸರಪಳಿಯ ಮೇಲಿನ ಕೊಂಡಿ ಸವೆದಿದೆ"), ಹತ್ತಿರದಿಂದ ಒಂದು ಫೋಟೊ, ದೂರದಿಂದ ಒಂದು. 1533ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ನಿರ್ವಹಣೆಯ ಗುತ್ತಿಗೆದಾರನ ಹೆಸರು ಗೇಟಿನ ಫಲಕದಲ್ಲಿದ್ದರೆ ಅದನ್ನೂ ದೂರಿನಲ್ಲಿ ಸೇರಿಸಿ. ಅಪಾಯದ ಆಟಿಕೆಯಾದರೆ ರಿಪೇರಿಗೆ ಕಾಯದೆ ಮಾಲಿಗೆ ಹೇಳಿ ಅವತ್ತೇ ಉಯ್ಯಾಲೆಯನ್ನು ಕಂಬಿಗೆ ಸುತ್ತಿ ಕಟ್ಟಿಸಿಬಿಡಿ.

ಹೊಸ ಬಡಾವಣೆಯಲ್ಲಿ ಪಾರ್ಕೇ ಕಾಣದಿದ್ದರೆ ಅನುಮೋದಿತ ಲೇಔಟ್ ನಕ್ಷೆಯ ಪ್ರತಿ ಕೇಳಿ. ಪಾರ್ಕಿಗೆ ಬಿಟ್ಟ ಜಾಗವನ್ನು ಅದರಲ್ಲಿ ಗುರುತಿಸಿರುತ್ತಾರೆ. ಅಲ್ಲಿ ಈಗ ಶೆಡ್ಡೋ ಕಾರು ನಿಲ್ದಾಣವೋ ಇದ್ದರೆ ಸುಮ್ಮನಾಗಬೇಕಿಲ್ಲ. 1985ರ ಕರ್ನಾಟಕ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇದೆ, ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಬೇರೆಯದಕ್ಕೆ ಕೊಡದಂತೆ ತಡೆಯುವ ಬಿಡಿಎ ಕಾಯ್ದೆಯ 38-ಎ ಕಲಮು ಇದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಕೋರ್ಟಿಗೆ ಹೋಗಿದ್ದವರು ಅದೇ ಬಡಾವಣೆಯ ನಿವಾಸಿಗಳು. ಅರ್ಜಿ ಬರೆಯುವಾಗ ಲೇಔಟ್ ನಕ್ಷೆಯ ಪ್ರತಿ, ಈಗಿನ ಜಾಗದ ಫೋಟೊ, ಕನಿಷ್ಠ ಹತ್ತು ಮನೆಯವರ ಸಹಿ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಕಚೇರಿಯಿಂದ ಹೊರಬನ್ನಿ.